ಆಫೀಸಿಗೆ ವಾಪಸ್ ಕರೆದಾಗ ಹಳಬರನ್ನು ಉಳಿಸಿಕೊಂಡದ್ದು

ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎಂಬ ಮೇಲ್ ಬಂದಾಗ ನಮ್ಮ ಟೀಮಿನಲ್ಲಿ ಜೋರಾಗಿ ಗೊಣಗಿದವರು ಹೊಸಬರು. ಹಳಬರು ಏನೂ ಮಾತಾಡಲಿಲ್ಲ. ಮ್ಯಾನೇಜರ್ ಆಗಿ ನನಗೆ ಭಯವಾಗಿದ್ದು ಅದಕ್ಕೇ. ಅನುಭವ ಇರುವವರು ಜಗಳಕ್ಕೆ ಬರುವುದಿಲ್ಲ. ಸುಮ್ನೆ ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಾರೆ. ಆಫರ್ ಕೈಗೆ ಸಿಕ್ಕ ಮೇಲೆಯೇ ನಮಗೆ ಗೊತ್ತಾಗುವುದು.

ನಿಯಮ ಜಾರಿಗೆ ಬರುವ ಮೊದಲೇ ಒಬ್ಬೊಬ್ಬರ ಜೊತೆ ಕೂತು ಮಾತಾಡಿದೆ. ಓಡಾಟ, ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ, ಇವೆಲ್ಲ ಬಂದವು. ಆದರೆ ಹೆಚ್ಚಿನವರಿಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. 'ಅಷ್ಟು ದೂರ ಬಂದು ಇಡೀ ದಿನ ಹೆಡ್‌ಫೋನ್ ಹಾಕ್ಕೊಂಡು ವಿಡಿಯೊ ಕಾಲ್‌ನಲ್ಲೇ ಇರೋದಾದ್ರೆ ಯಾಕೆ ಬರಬೇಕು?' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅಲ್ವಾ?

ಹಾಗಾಗಿ ಕೆಲಸವನ್ನೇ ಬೇರೆ ಥರ ಜೋಡಿಸಿದೆ. ಇಡೀ ಟೀಮ್ ಆಫೀಸಿಗೆ ಬರುವ ದಿನಗಳು ಒಂದೇ ಆಗಿರಬೇಕು. ಡಿಸೈನ್ ಚರ್ಚೆ, ಹೊಸಬರಿಗೆ ಕಲಿಸುವುದು ಎಲ್ಲ ಆ ದಿನಗಳಿಗೆ. ಆವತ್ತು ವಿಡಿಯೊ ಕಾಲ್ ಆದಷ್ಟೂ ಬೇಡ. ಬರುವ, ಹೋಗುವ ಹೊತ್ತು ಅವರವರಿಗೆ ಬಿಟ್ಟದ್ದು.

ಹಾಜರಿಯನ್ನು ವಾರದ ಬದಲು ತಿಂಗಳಿನ ಲೆಕ್ಕದಲ್ಲಿ ನೋಡಿ ಎಂದು ಎಚ್‌ಆರ್‌ಗೆ ಕೇಳಿದೆ. ಸುಲಭಕ್ಕೆ ಒಪ್ಪಲಿಲ್ಲ. ಆಗ ಎರಡು ಅಧ್ಯಯನ ಮುಂದಿಟ್ಟೆ. 2024ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದು ಒಂದು. ಚೀನಾದ ಪ್ರವಾಸ ಬುಕಿಂಗ್ ಕಂಪನಿ ಟ್ರಿಪ್.ಕಾಮ್‌ನ 1,612 ನೌಕರರ ಮೇಲೆ ನಡೆದ ಪ್ರಯೋಗ ಅದು. ವಾರಕ್ಕೆ 2 ದಿನ ಮನೆಯಿಂದ ಕೆಲಸಕ್ಕೆ ಬಿಟ್ಟವರಲ್ಲಿ ಕೆಲಸ ಬಿಡುವುದು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಕೆಲಸದ ಗುಣಮಟ್ಟ, ಬಡ್ತಿ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಅಮೆರಿಕದ ದೊಡ್ಡ ಟೆಕ್, ಹಣಕಾಸು ಕಂಪನಿಗಳದ್ದು. ಆಫೀಸಿಗೆ ಬರುವುದನ್ನು ಕಡ್ಡಾಯ ಮಾಡಿದ ಮೇಲೆ ಬಿಟ್ಟು ಹೋಗುವವರು ಜಾಸ್ತಿಯಾದರು, ಅದರಲ್ಲೂ ಮಹಿಳೆಯರು, ಹಿರಿಯರು, ಹೆಚ್ಚು ಕೌಶಲ ಇರುವವರು.

ಜನ ಕಡಿಮೆಯಾದರೆ ಒಳ್ಳೆಯದೇ ಎಂದು ಒಳಗೊಳಗೇ ಲೆಕ್ಕ ಹಾಕುವ ಮೇಲಧಿಕಾರಿಗಳೂ ಇರುತ್ತಾರೆ. ಅವರಿಗೆ ನಾನು ಹೇಳಿದ್ದು ಇಷ್ಟೆ: ಯಾರು ಹೋಗಬೇಕು ಅನ್ನುವುದು ಇಲ್ಲಿ ನಿಮ್ಮ ಕೈಯಲ್ಲಿಲ್ಲ. ಹೊರಗೆ ಬೇಗ ಕೆಲಸ ಸಿಗುವವರೇ ಮೊದಲು ಹೋಗುತ್ತಾರೆ. ಹಳೆಯ ಕೋಡ್ ಯಾಕೆ ಹಾಗಿದೆ, ಯಾವ ಗ್ರಾಹಕರಿಗೆ ಏನು ಮಾತು ಕೊಟ್ಟಿದ್ದೇವೆ ಎಂದು ಗೊತ್ತಿರುವುದು ಅವರಿಗೇ.

ತಿಂಗಳ ಲೆಕ್ಕಕ್ಕೆ ಕೊನೆಗೂ ಒಪ್ಪಿಗೆ ಸಿಕ್ಕಿತು. ಆದರೂ ಒಬ್ಬರು ಬಿಟ್ಟರು. ಅವರು ತಮ್ಮ ಸ್ವಂತ ಊರಿನಲ್ಲೇ ಮನೆ ಮಾಡಿಕೊಂಡಿದ್ದರು, ತಿಂಗಳ ಲೆಕ್ಕದಿಂದ ಅವರಿಗೆ ಉಪಯೋಗವಾಗಲಿಲ್ಲ. ಉಳಿದ ಹಳಬರು ಇದ್ದಾರೆ. ಹಾಜರಿಯ ಶೀಟ್ ಮಾತ್ರ ಈಗ ನಾನೇ ತುಂಬಬೇಕು, ಎಚ್‌ಆರ್ ಸಾಫ್ಟ್‌ವೇರ್‌ಗೆ ವಾರದ ಲೆಕ್ಕ ಬಿಟ್ಟು ಬೇರೆ ಬರುವುದಿಲ್ಲ.