ಒಂದೇ ತಲೆ, ಆರು ಅನ್ಯಗ್ರಹ ಜೀವಿಗಳು

ಕಂತು ಕಂತಿಗೂ ಹೊಸ ಕಥೆ, ಹೊಸ ಗ್ರಹ, ಹೊಸ ಜೀವಿ. ಇಂಥ ಟಿವಿ ಸರಣಿಯಲ್ಲಿ ಮುಖವಾಡ ಮಾಡುವವರಿಗೆ ತಿದ್ದಿಕೊಳ್ಳಲು ಎರಡನೇ ಕಂತು ಸಿಗುವುದಿಲ್ಲ. ಆರು ಕಂತುಗಳಿಗೆ ನಾವು ಹಿಡಿದ ದಾರಿ: ಎಲ್ಲ ಜೀವಿಗಳಿಗೂ ಒಬ್ಬರೇ ನಟ. ತಲೆಯ ಅಚ್ಚು ತೆಗೆದದ್ದು ಒಂದೇ ಸಲ, ಮುಖ ಮಾತ್ರ ಆರು.

ತಲೆಯ ಅಚ್ಚಿಗೆ ಆಲ್ಜಿನೇಟ್, ಅಂದರೆ ನೀರಿನಲ್ಲಿ ಕಲಸಿ ಹಚ್ಚುವ ಅಚ್ಚಿನ ಪುಡಿ ಬೇಕು. ಕಲಸಿದ ಮೇಲೆ ಐದಾರು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಕಲಸಿದರೆ ಇನ್ನಷ್ಟು ಸಮಯ ಸಿಗುತ್ತದೆ. ಮೂಗಿನ ಹೊಳ್ಳೆ ಮುಚ್ಚದಂತೆ ಕಾಯಲು ಒಬ್ಬರು ನಿಂತಿರಲೇಬೇಕು. ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಮೂರು ಪದರ. ಪ್ಲಾಸ್ಟರನ್ನು ನೇರವಾಗಿ ಚರ್ಮಕ್ಕೆ ಹಚ್ಚಲೇಬಾರದು, ಗಟ್ಟಿಯಾಗುವಾಗ ಸುಡುವಷ್ಟು ಕಾಯುತ್ತದೆ. ಬಿಡಿಸಿದ ಕೂಡಲೇ ಎರಕ ಹುಯ್ಯಿರಿ. ತಡವಾದರೆ ನೀರಾರಿ ಆಲ್ಜಿನೇಟ್ ಕುಗ್ಗುತ್ತದೆ, ಮುಂದೆ ಮಾಡುವ ಯಾವ ಮುಖವೂ ನಟನಿಗೆ ಸರಿಯಾಗಿ ಕೂರುವುದಿಲ್ಲ. ಮೊದಲ ಎರಕವನ್ನು ಜೋಪಾನವಾಗಿಟ್ಟು, ಅದರಿಂದ ತೆಗೆದ ಪ್ರತಿಗಳ ಮೇಲೆ ಕ್ಲೇಯಲ್ಲಿ ಜೀವಿಯ ಮುಖ ಮೂಡಿಸಬೇಕು. ಆ ಮುಖಕ್ಕೆ ಹೊರಗಿನಿಂದ ಅಚ್ಚು ಕಟ್ಟಿ, ಒಳಗಿನ ಕ್ಲೇ ತೆಗೆದರೆ ಉಳಿಯುವ ಸಂದಿಯೇ ಸಿಲಿಕೋನ್ ತುಂಬುವ ಜಾಗ.

ಹೆಚ್ಚು ಕೆಲಸ ಕೆಡುವುದು ಇಲ್ಲೇ. ಮುಖಕ್ಕೆ ಬಳಸುವ ಪ್ಲಾಟಿನಂ ಸಿಲಿಕೋನಿಗೆ (ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಬಗೆ) ಗಂಧಕ ಆಗದು. ಕೆಲವು ಮಾಡೆಲಿಂಗ್ ಕ್ಲೇಗಳಲ್ಲಿ ಗಂಧಕವಿರುತ್ತದೆ, ಲೇಟೆಕ್ಸ್ ಕೈಗವಸಿನಲ್ಲೂ ಇರುತ್ತದೆ. ಅದರ ಸೋಂಕು ತಗಲಿದ ಕಡೆ ಸಿಲಿಕೋನ್ ಎಷ್ಟು ದಿನ ಕಾದರೂ ಗಟ್ಟಿಯಾಗದೆ ಬೆಲ್ಲದ ಪಾಕದಂತೆ ಅಂಟಂಟಾಗಿ ಉಳಿಯುತ್ತದೆ. ಹಾಗಾದ ಮುಖವನ್ನು ಉಳಿಸಿಕೊಳ್ಳುವ ಉಪಾಯವಿಲ್ಲ, ಎಸೆಯಬೇಕಷ್ಟೆ. ಆದ್ದರಿಂದ ನೈಟ್ರೈಲ್ ಕೈಗವಸನ್ನೇ ಹಾಕಿ. ಹೊಸ ಕ್ಲೇ ತಂದಾಗ ಒಂದು ಚೂರನ್ನು ಕಾಗದದ ಲೋಟದ ತಳಕ್ಕೆ ಒತ್ತಿ, ಮೇಲೆ ಎರಡು ಚಮಚ ಸಿಲಿಕೋನ್ ಹುಯ್ದಿಡಿ. ಮರುದಿನ ಲೋಟ ಹರಿದು, ಕ್ಲೇ ತಾಗಿದ ಬದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಒಣಗಿದ್ದರೆ ಮಾತ್ರ ಆ ಕ್ಲೇ ಬಳಸಿ.

ಸಿಲಿಕೋನ್ ಬರುವುದು ಎ, ಬಿ ಎಂಬ ಎರಡು ದ್ರವಗಳಾಗಿ, ಬೆರೆಸಿದರೆ ಗಟ್ಟಿಯಾಗುತ್ತದೆ. ಎರಡೂ ಸಮಸಮ. ಮುಖದ ಚರ್ಮದಂತೆ ಮೆತ್ತಗಾಗಲು ಅಷ್ಟೇ ಅಳತೆಯ ಡೆಡನರ್ (ಸಿಲಿಕೋನನ್ನು ಮೆದುವಾಗಿಸುವ ದ್ರವ), ಅಂದರೆ 1:1:1. ತೂಗಿಯೇ ಬೆರೆಸಿ, ಕಣ್ಣಳತೆ ಬೇಡ. ವ್ಯಾಕ್ಯೂಮ್ ಪಂಪ್ ಇಲ್ಲದಿದ್ದರೆ ಎತ್ತರದಿಂದ ದಾರದಷ್ಟು ಸಣ್ಣ ಧಾರೆಯಾಗಿ ಹುಯ್ದರೆ ಗುಳ್ಳೆಗಳು ಬಹಳಷ್ಟು ಒಡೆಯುತ್ತವೆ. ಅಂಚು ಕಾಗದಕ್ಕಿಂತ ತೆಳ್ಳಗಿರಬೇಕು. ದಪ್ಪ ಅಂಚನ್ನು ಯಾವ ಮೇಕಪ್ಪೂ ಮುಚ್ಚಲಾರದು.

ಬಣ್ಣವನ್ನು ಸಿಲಿಕೋನಿನ ಒಳಗೇ ಬೆರೆಸಿ, ಅದೂ ಒಟ್ಟು ತೂಕದ ಶೇ 1ಕ್ಕಿಂತ ಕಡಿಮೆ. ಹೆಚ್ಚಾದರೆ ಬೆಳಕು ಒಳಗಿಳಿಯದೆ ಜೀವಿ ರಬ್ಬರ್ ಬೊಂಬೆಯಾಗುತ್ತದೆ. ಕಲೆ, ನರಗಳ ಗೆರೆಯಂಥ ಮೇಲಿನ ಕುಸುರಿಗೆ ಸಿಲಿಕೋನ್ ಆಧಾರಿತ ಬಣ್ಣವೇ ಆಗಬೇಕು. ಅಕ್ರಿಲಿಕ್ ಹಚ್ಚಿದರೆ ನಟ ಬಾಯಿ ತೆರೆದೊಡನೆ ಸಿಪ್ಪೆಯಂತೆ ಏಳುತ್ತದೆ.

ಒಬ್ಬರೇ ನಟ ಎಂಬುದು ಪ್ರೇಕ್ಷಕರಿಗೆ ಗೊತ್ತಾಗುವುದು ಕಣ್ಣುಗಳ ನಡುವಿನ ಅಂತರದಿಂದ. ಹಾಗಾಗಿ ಎರಡು ಜೀವಿಗಳಿಗೆ ರೆಸಿನ್ ಕಣ್ಣುಗಳನ್ನು ನಿಜವಾದ ಕಣ್ಣಿಗಿಂತ 40 ಮಿಲಿಮೀಟರ್ ಮೇಲೆ ಕೂರಿಸಿದೆವು. ನಟ ನೋಡುವುದು ಕೆನ್ನೆಯ ಮಡಿಕೆಯೊಳಗಿನ ಸೀಳಿನಿಂದ. ಎದುರಿನ ಪಾತ್ರಧಾರಿ ಅಭ್ಯಾಸಬಲದಿಂದ ಆ ಸೀಳನ್ನೇ ನೋಡುತ್ತಾರೆ, ಅಷ್ಟಕ್ಕೇ ಇಡೀ ಭೇಟಿಯ ದೃಶ್ಯ ಸುಳ್ಳಾಗುತ್ತದೆ. ತಾಲೀಮಿನಲ್ಲಿ ರೆಸಿನ್ ಕಣ್ಣುಗಳ ನಡುವೆ ಬಣ್ಣದ ಟೇಪಿನ ಚುಕ್ಕೆ ಅಂಟಿಸಿ, ನೋಟ ಅಲ್ಲೇ ನಿಲ್ಲುವವರೆಗೂ ಅಭ್ಯಾಸ ಮಾಡಿಸಿ. ಪ್ರತಿ ಟೇಕಿಗೆ ಮುಂಚೆ ರೆಸಿನ್ ಕಣ್ಣಿಗೆ ಒಂದೊಂದು ಹನಿ ಗ್ಲಿಸರಿನ್ ಸವರಬೇಕು. ಒಣಗಿದ ಕಣ್ಣು ಕ್ಯಾಮೆರಾದಲ್ಲಿ ಸತ್ತಂತೆ ಕಾಣುತ್ತದೆ.

ಸಿಲಿಕೋನ್ ಬೆವರು ಹೀರುವುದಿಲ್ಲ. ಬೆವರು ಒಳಗೇ ತುಂಬಿ ಮೊದಲು ಅಂಟು ಬಿಡುವುದು ಮೇಲ್ತುಟಿಯ ಹತ್ತಿರ. ಹತ್ತಿರದ ಶಾಟ್‌ಗಳನ್ನು ಮುಖ ಅಂಟಿಸಿದ ಮೊದಲ ಎರಡು ಗಂಟೆಯಲ್ಲೇ ಮುಗಿಸಿಕೊಳ್ಳಿ, ದೂರದವು ಆಮೇಲಾದರೂ ನಡೆಯುತ್ತದೆ. ಅಂಟನ್ನು ಹಿಂದಿನ ದಿನವೇ ನಟನ ಮುಂಗೈಗೆ ಹಚ್ಚಿ ಅಲರ್ಜಿ ಇದೆಯೇ ನೋಡಿಕೊಂಡಿರಬೇಕು. ತೆಗೆಯುವಾಗ ಎಳೆಯಬೇಡಿ: ಅಂಚಿನಿಂದ ರಿಮೂವರ್ ಅದ್ದಿದ ಬ್ರಷ್ ನುಗ್ಗಿಸುತ್ತಾ ನಿಧಾನವಾಗಿ ಬಿಡಿಸಿ. ಇದಕ್ಕೆ ಮುಕ್ಕಾಲು ಗಂಟೆಯನ್ನು ಶೂಟಿಂಗ್ ವೇಳಾಪಟ್ಟಿಯಲ್ಲೇ ಬರೆಸಿಡಿ.