ದಪ್ಪ ಹೋತವನ್ನು ಗಾಡಿ ಹತ್ತಿಸುವ ಮೊದಲು

ನಮ್ಮ ಚಳ್ಳಕೆರೆ ಕಡೆ ಯಾವ ಗಂಡುಮರಿ ಬೇಗ ಬೆಳೆಯುತ್ತದೋ ಅದೇ ಮೊದಲು ಗಾಡಿ ಹತ್ತುತ್ತದೆ. ಬಕ್ರೀದ್‌ಗೋ ಜಾತ್ರೆಗೋ ಒಳ್ಳೆ ರೇಟು ಸಿಗುತ್ತದೆ, ಕೊಟ್ಟುಬಿಡುತ್ತೇವೆ. ರೊಪ್ಪದಲ್ಲಿ (ಮೇಕೆ ಕೂಡುವ ದೊಡ್ಡಿಯಲ್ಲಿ) ಉಳಿಯುವುದು ಯಾರಿಗೂ ಬೇಡವಾದ ಸಣಕಲು ಹೋತ. ಮುಂದಿನ ಮರಿಗಳಿಗೆಲ್ಲ ಅದೇ ಅಪ್ಪ! ಆಮೇಲೆ ‘ನಾಟಿ ಮೇಕೆ ಬೆಳೆಯೋದೇ ಇಲ್ಲ, ಬೋಯರ್ ತರೋಣ’ ಅನ್ನುತ್ತೇವೆ; ಬೋಯರ್ ಅಂದರೆ ದಕ್ಷಿಣ ಆಫ್ರಿಕಾದ ಮಾಂಸದ ಮೇಕೆ ತಳಿ. ಒಳ್ಳೆಯದನ್ನೆಲ್ಲ ಮಾರಿದ ಮೇಲೆ ತಳಿ ಏನು ಮಾಡೀತು?

ಅದಕ್ಕೇ ಬೀಜದ ಹೋತವನ್ನು, ಅಂದರೆ ಮರಿ ಹುಟ್ಟಿಸಲು ಇಟ್ಟುಕೊಳ್ಳುವ ಗಂಡನ್ನು, ಮೊದಲು ಆರಿಸಿ, ಉಳಿದದ್ದನ್ನು ಆಮೇಲೆ ಮಾರಿ. ಮರಿಗಿಂತ ಮುಂಚೆ ತಾಯಿಯನ್ನು ನೋಡಿ. ಅವಳಿ ಹಾಕಿ, ಏಪ್ರಿಲ್ ಬಿಸಿಲಲ್ಲಿ ಜಾಲಿಕಾಯಿ, ಒಣಸೊಪ್ಪು ತಿಂದೇ ಎರಡನ್ನೂ ಸಾಕಿದ ಮೇಕೆಯ ಮಗ ನನಗೆ ಬೇಕು. ಬೀಜ (ವೃಷಣ) ಎರಡೂ ಸಮ ಇರಬೇಕು, ಕಾಲು ನೆಟ್ಟಗಿರಬೇಕು. ಬಣ್ಣಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಲೆಕ್ಕ. 30 ಮೇಕೆಗೆ ಒಂದೇ ಹೋತ ಬಿಟ್ಟರೆ ಹುಟ್ಟುವ ಮರಿಗಳೆಲ್ಲ ಒಂದೇ ಅಪ್ಪನವು. ತಳಿ ವಿಜ್ಞಾನದಲ್ಲಿ ಒಂದು ಸೂತ್ರವಿದೆ: ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ತಲೆಯಿಂದ ಭಾಗಿಸಬೇಕು. ಬರುವ ಅಂಕಿ ಚಿಕ್ಕದಾದಷ್ಟೂ ಹಿಂಡಿನೊಳಗೆ ನೆಂಟರೇ ನೆಂಟರನ್ನು ಕೂಡುವುದು ಹೆಚ್ಚು. 31 ತಲೆ ಇದ್ದರೂ ರಕ್ತದ ಲೆಕ್ಕದಲ್ಲಿ ನಾಲ್ಕೂ ಆಗಲ್ಲ! ನೆಂಟಸ್ತಿಕೆ ಇಲ್ಲದ ಇನ್ನೊಂದು ಹೋತ ಸೇರಿಸಿ, ಏಳೂವರೆಗೆ ಏರುತ್ತದೆ. ಒಂದು ಹೋತದ ಮೇವಿಗೆ ಇಷ್ಟು ಲಾಭ ಜಾಸ್ತಿಯೇ ಅಲ್ವಾ?

ಎರಡು ಸಾಕಲು ಆಗದಿದ್ದರೆ ಅದಲು ಬದಲು ಮಾಡಿಕೊಳ್ಳಿ. ಊರೊಳಗೆ ನಾಲ್ಕು ರೊಪ್ಪದವರು ಮಾತಾಡಿಕೊಂಡು, ವರ್ಷಕ್ಕೊಮ್ಮೆ ಹೋತವನ್ನು ಪಕ್ಕದ ರೊಪ್ಪಕ್ಕೆ ಕಳಿಸಬೇಕು. ವರ್ಷವೇ ಯಾಕೆ? ಗಬ್ಬ ಐದು ತಿಂಗಳು, ಹುಟ್ಟಿದ ಹೆಣ್ಣುಮರಿ ಏಳೆಂಟು ತಿಂಗಳಿಗೆ ಬೆದೆಗೆ ಬರಬಹುದು. ಅಷ್ಟರಲ್ಲಿ ಅಪ್ಪ ಅಲ್ಲಿಂದ ಹೊರಟಿರಬೇಕು. ಹೆಣ್ಣುಮರಿಗಳು ಹುಟ್ಟಿದ ರೊಪ್ಪದಲ್ಲೇ ಇರಲಿ. ಬೀಜಕ್ಕೆ ಬೇಡದ ಗಂಡುಮರಿಗಳನ್ನು ಮೂರು ತಿಂಗಳಿಗೇ ಬೇರೆ ಕಟ್ಟಿ ಅಥವಾ ಬೀಜ ಒಡೆಸಿ. ನಾಲ್ಕು ತಿಂಗಳಿಗೇ ಹಾರುವ ಪೋಲಿಗಳಿರುತ್ತವೆ!

ಒಂದು ನೋಟ್‌ಬುಕ್ ಇಡಿ. ಮರಿ, ತಾಯಿ, ಅಪ್ಪ, ಹುಟ್ಟಿದ ತಿಂಗಳು, ಇಷ್ಟೇ ಸಾಕು. ಹೋತದ ಮಗನನ್ನು ಅದೇ ಹೋತ ಓಡಾಡಿದ ಇನ್ನೊಂದು ರೊಪ್ಪಕ್ಕೆ ಬಿಟ್ಟರೆ ಅಣ್ಣ ತಂಗಿ ಕೂಡುತ್ತವೆ. ಇದು ನೆನಪಿನ ಮೇಲೆ ನಡೆಯುವ ಕೆಲಸವಲ್ಲ. ಹೊರಗಿನಿಂದ ಬಂದ ಹೋತವನ್ನು ಮೂರು ವಾರ ದೂರ ಕಟ್ಟಿ, ಪಿಪಿಆರ್ (ಕುರಿ ಮೇಕೆಗಳಿಗೆ ಹರಡುವ ವೈರಸ್ ರೋಗ) ಲಸಿಕೆ ಹಾಕಿಸಿಯೇ ಒಳಗೆ ಬಿಡಿ.

ನಂದಿದುರ್ಗ ಮತ್ತು ಬಿದರಿ ಮೇಕೆಗಳು ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯಾಗಿವೆ. ನಿಮ್ಮ ಮೇಕೆ ನಂದಿದುರ್ಗ ಹೌದೋ ಅಲ್ಲವೋ ಪಶು ವೈದ್ಯರನ್ನು ಕೇಳಿ. ಅಲ್ಲದಿದ್ದರೂ ಮೇಲಿನ ಲೆಕ್ಕ ಬದಲಾಗಲ್ಲ.

ಬೋಯರ್ ಬೇಕೇ ಬೇಕು ಅನ್ನುವವರು ಅದನ್ನು ಬೇರೆ ರೊಪ್ಪದಲ್ಲಿ ಕಟ್ಟಿ, ಮಿಶ್ರ ಮರಿಗಳನ್ನು ಗಂಡು ಹೆಣ್ಣು ನೋಡದೆ ಎಲ್ಲವನ್ನೂ ಮಾಂಸಕ್ಕೆ ಮಾರಿ. ಅವುಗಳ ಒಂದು ಹೆಣ್ಣುಮರಿಯೂ ನಾಟಿ ಹಿಂಡಿಗೆ ಸೇರದಿರಲಿ.