ಏರ್ ಫ್ರೈಯರಿನಲ್ಲಿ ಕೆಂಡದಡುಗೆ

ನಮ್ಮ ಮನೆಗೆ ಏರ್ ಫ್ರೈಯರ್ ಬಂದದ್ದು ಮಾವನವರಿಗಾಗಿ. ಅವರಿಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಕರಿದ ತಿಂಡಿ ಬೇಡ ಅಂದರು. ಸಂಜೆ ಕಾಫಿ ಜೊತೆ ಬಜ್ಜಿನೋ ಬೋಂಡಾನೋ ತಿಂದು ಅಭ್ಯಾಸವಾದವರು. ಸುಮ್ನೆ ಕಾಫಿ ಲೋಟ ಹಿಡಿದು ಕೂತಿರುವುದನ್ನು ನೋಡಲಾಗಲಿಲ್ಲ. ಹನುಮಂತನಗರದ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಜಾಗ ಮಾಡಿ ಇದನ್ನು ಇಟ್ಟೆವು.

ಮೊದಲ ದಿನವೇ ಮೆಣಸಿನಕಾಯಿ ಬಜ್ಜಿಗೆ ಕೈ ಹಾಕಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಕಡಲೆಹಿಟ್ಟೆಲ್ಲ ಬುಟ್ಟಿಯ ತೂತಿನಿಂದ ಕೆಳಗೆ ಸೋರಿ ಅಲ್ಲೇ ಗಟ್ಟಿಯಾಗಿತ್ತು. ಮಾವನವರು ಏನೂ ಅನ್ನದೆ ಎರಡು ತಿಂದರು. ನನಗೆ ತುಂಬಾ ಬೇಜಾರಾಯ್ತು.

ಹೆಸರಲ್ಲೇ ಫ್ರೈ ಇದೆ. 2010ರಲ್ಲಿ ಫಿಲಿಪ್ಸ್ ಕಂಪನಿ ಇದನ್ನು ಮಾರಾಟಕ್ಕೆ ತಂದಾಗಿನಿಂದ ಆ ಹೆಸರೇ ನಿಂತಿದೆ. ಆದರೆ ಇದರೊಳಗೆ ಕರಿಯುವ ಕೆಲಸ ನಡೆಯುವುದೇ ಇಲ್ಲ. ಮೇಲೆ ಒಂದು ಕಾಯಿಲ್, ಅದರ ಹತ್ತಿರ ಒಂದು ಫ್ಯಾನ್. ಬಿಸಿಗಾಳಿ ಬುಟ್ಟಿಯ ಸುತ್ತ ಜೋರಾಗಿ ಸುತ್ತುತ್ತದೆ, ಅಷ್ಟೇ. ಕಾದ ಎಣ್ಣೆಗೆ ಬಿದ್ದ ಹಿಟ್ಟು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಗಾಳಿ ಅಷ್ಟು ಬೇಗ ಶಾಖ ಕೊಡಲಾರದು. ಅಷ್ಟರಲ್ಲಿ ತೆಳು ಹಿಟ್ಟು ಇಳಿದುಹೋಗುತ್ತದೆ.

ದಾರಿ ತೋರಿಸಿದ್ದು ಅತ್ತೆ. ಅವರು ತಿಪಟೂರು ಕಡೆಯವರು, ಸೌದೆ ಒಲೆ ಮುಂದೆ ಬೆಳೆದವರು. "ಇದು ಬಾಣಲೆ ಥರ ಅಲ್ಲ ಕಣಮ್ಮ, ಕೆಂಡದ ಥರ. ಕೆಂಡದಲ್ಲಿ ಏನು ಸುಡ್ತಿದ್ವೋ ಅದನ್ನ ಇಟ್ಟು ನೋಡು" ಅಂದರು. ಅವತ್ತಿನಿಂದ ನನ್ನ ಲೆಕ್ಕವೇ ಬದಲಾಯಿತು.

ಮೊದಲು ಬದನೆಕಾಯಿ. ಗಾಂಧಿ ಬಜಾರಿನಿಂದ ತಂದ ದಪ್ಪ ಗುಂಡು ಬದನೆಕಾಯಿಗೆ ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚಿ, ಎಣ್ಣೆ ಸವರಿ, 200 ಡಿಗ್ರಿಯಲ್ಲಿ 25 ನಿಮಿಷ ಇಟ್ಟೆ. ನಡುವೆ ಒಮ್ಮೆ ಮಗುಚಿದೆ. ಚುಚ್ಚುವುದನ್ನು ಮರೆಯಬೇಡಿ, ಒಳಗಿನ ಹಬೆಗೆ ಸಿಡಿಯಬಹುದು. ಸಿಪ್ಪೆ ಮುದುಡಿ, ಒಳಗೆ ಬೆಣ್ಣೆ ಹಾಗೆ ಬೆಂದಿತ್ತು. ಹೊಗೆಯ ವಾಸನೆ ಮಾತ್ರ ಇರಲಿಲ್ಲ. ಅದಕ್ಕೂ ಅತ್ತೆಯೇ ಉಪಾಯ ಹೇಳಿದರು: ಬೆಂದ ಕಾಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಅರ್ಧ ನಿಮಿಷ ತಿರುಗಿಸಬೇಕು. ಸಿಪ್ಪೆ ಸುಲಿದು, ಕಿವುಚಿ, ಮೊಸರು, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ ಹಾಕಿದರೆ ಮೊಸರುಬಜ್ಜಿ ರೆಡಿ. ಮಾವನವರು ಎರಡು ಸಲ ಬಡಿಸಿಕೊಂಡರು.

ಸಿಹಿಗೆಣಸು ಇನ್ನೂ ಚೆನ್ನ. ತೊಳೆದು, ಒರೆಸಿ, ಇಡಿಯಾಗಿ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಕುಕ್ಕರಿನಲ್ಲಿ ಬೇಯಿಸಿದರೆ ನೀರು ನೀರಾಗುತ್ತದೆ ಅಲ್ವಾ? ಇಲ್ಲಿ ಹಾಗಲ್ಲ, ನೀರು ಆರಿ ಸಿಹಿ ಗಟ್ಟಿಯಾಗುತ್ತದೆ. ಸಿಪ್ಪೆಯ ಒಡಕಿನಲ್ಲಿ ಬೆಲ್ಲದ ಪಾಕದ ಹಾಗೆ ಜಿನುಗಿರುತ್ತದೆ. ಸಂಕ್ರಾಂತಿಗೆ ಈಗ ನಮ್ಮಲ್ಲಿ ಗೆಣಸು ಹೀಗೇ ಆಗುವುದು.

ಬೆಂಡೆಕಾಯಿಯ ಲೋಳೆ ಹೋಗಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಹೆಚ್ಚಿ, ಒಂದು ಚಮಚ ಎಣ್ಣೆ ಕಲಸಿ, 180ರಲ್ಲಿ 12 ನಿಮಿಷ, ಆಮೇಲೆ ಗೊಜ್ಜಿಗೆ. ಹಾಗಲಕಾಯಿ, ಬಾಳೆಕಾಯಿ, ಸುವರ್ಣಗೆಡ್ಡೆಗೂ ಇದೇ ಕ್ರಮ, ಗೆಡ್ಡೆಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಉಳಿದ ಇಡ್ಲಿಯನ್ನು ತುಂಡು ಮಾಡಿ, ಎಣ್ಣೆ, ಚಟ್ನಿಪುಡಿ ಸವರಿ 190ರಲ್ಲಿ 8 ನಿಮಿಷ ಇಟ್ಟರೆ ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ.

ಹಾಗಾದರೆ ಸಂಜೆ ಕಾಫಿಗೆ ಏನು? ಹಿಟ್ಟು ಗಟ್ಟಿಯಾಗಿದ್ದರೆ ಇದರಲ್ಲಿ ನಿಲ್ಲುತ್ತದೆ. ಅದಕ್ಕೇ ಮದ್ದೂರು ವಡೆ ಹಿಡಿದೆ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಜಾಸ್ತಿ ಈರುಳ್ಳಿ, ಕರಿಬೇವು, ಎರಡು ಚಮಚ ಬಿಸಿ ಎಣ್ಣೆ. ಈರುಳ್ಳಿಯನ್ನು ಉಪ್ಪು ಹಾಕಿ ಹಿಸುಕಿದರೆ ಅದರ ನೀರಲ್ಲೇ ಹಿಟ್ಟು ಹೆಚ್ಚುಕಮ್ಮಿ ಕೂಡಿಬರುತ್ತದೆ. ತೆಳ್ಳಗೆ ತಟ್ಟಿ, ಎರಡೂ ಕಡೆ ಎಣ್ಣೆ ಸವರಿ, 170ರಲ್ಲಿ ಸುಮಾರು 16 ನಿಮಿಷ. ಎಣ್ಣೆಯಲ್ಲಿ ಕರಿದ ವಡೆಯ ರುಚಿಯೇ ಬಂತು ಅಂತ ನಾನು ಹೇಳುವುದಿಲ್ಲ. ಸ್ವಲ್ಪ ಬಿಸ್ಕತ್ತಿನ ಕಡೆ ವಾಲುತ್ತದೆ. ಆದರೆ ಗರಿಗರಿಯಾಗಿರುತ್ತದೆ, ಈರುಳ್ಳಿ ಘಮ ಹಾಗೇ ಇರುತ್ತದೆ. ಅಯ್ಯಂಗಾರ್ ಬೇಕರಿಯಲ್ಲಿ ಸಿಗುವಂಥ ಖಾರಾ ಬಿಸ್ಕತ್ತನ್ನೂ 150ರಲ್ಲಿ 15 ನಿಮಿಷ ಇಟ್ಟು ಮಾಡುತ್ತೇನೆ. ಬೆಣ್ಣೆ ಹಾಕುವುದರಿಂದ ಅದು ಮಕ್ಕಳಿಗೆ ಮಾತ್ರ.

ಹಗುರವಾದದ್ದನ್ನು ಬಿಡಿಯಾಗಿ ಹಾಕಬೇಡಿ. ಒಮ್ಮೆ ಹಪ್ಪಳ ಗಾಳಿಗೆ ಎದ್ದು ಕಾಯಿಲ್‌ಗೆ ತಾಗಿ ಸುಟ್ಟಿತು. ಈಗ ಹಪ್ಪಳ, ಕರಿಬೇವಿನ ಮೇಲೆ ಸ್ಟೀಲ್ ಸ್ಟ್ಯಾಂಡ್ ಒಂದನ್ನು ಕವುಚಿಡುತ್ತೇನೆ. ಬುಟ್ಟಿ ತುಂಬಿಸಿದರೆ ಗಾಳಿ ಆಡದೆ ಎಲ್ಲ ಬೆವರಿ ಮೆತ್ತಗಾಗುತ್ತದೆ, ಒಂದೇ ಪದರ ಇರಬೇಕು. ಇನ್ನೊಂದು ಮುಖ್ಯ ವಿಷಯ ಪ್ಲಗ್. ನಮ್ಮದು 1500 ವ್ಯಾಟ್. ಹಳೇ ಮನೆಯ 6 ಆಂಪಿಯರ್ ಸಾಕೆಟ್ ಅದನ್ನು ತಡೆಯುವುದಿಲ್ಲ, 16ರದ್ದೇ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮನೆಯ ಯುಪಿಎಸ್ ಮೇಲೂ ಹಾಕಬೇಡಿ. ಇನ್ನು ಕರೆಂಟ್ ಖರ್ಚಿನ ಲೆಕ್ಕ: ಅರ್ಧ ಗಂಟೆ ನಡೆಸಿದರೆ ಮುಕ್ಕಾಲು ಯೂನಿಟ್ ಮೀರುವುದಿಲ್ಲ.

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಮೂರು ಸೇರು ಹಸಿ ಕಡಲೆಕಾಯಿ ತಂದೆವು. ಬಿಡಿಸಿದ ಬೀಜ 160ರಲ್ಲಿ 12 ನಿಮಿಷಕ್ಕೆ ಹದವಾಗಿ ಹುರಿಯುತ್ತದೆ, ನಡುವೆ ಎರಡು ಸಲ ಅಲ್ಲಾಡಿಸಬೇಕು. ತೆಗೆದಾಗ ಮೆತ್ತಗಿದ್ದರೆ ಗಾಬರಿ ಬೇಡ, ಆರಿದ ಮೇಲೆ ಕುರುಕಲಾಗುತ್ತದೆ. ಆಮೇಲೆ ಚಳಿ ಬಂತು, ಅವರೆಕಾಯಿ ಬಂತು. ಹಿತಕಿದ ಬೇಳೆಯನ್ನು ಮೂರು ಸಲ ಇಟ್ಟು ನೋಡಿದೆ, ಮೂರು ಸಲವೂ ಕಲ್ಲಾಯಿತು. ಎಣ್ಣೆಯಲ್ಲಿ ಅದು ಉಬ್ಬಿ ಹಗುರಾಗುವ ಹಾಗೆ ಗಾಳಿಯಲ್ಲಿ ಆಗುವುದಿಲ್ಲ. ಅದೊಂದನ್ನು ಬಾಣಲೆಯಲ್ಲೇ ಕರಿದು, ಬಟ್ಟೆಯ ಮೇಲೆ ಹರವಿ, ಉಪ್ಪು ಖಾರ ಹಾಕಿ ಡಬ್ಬಿಗೆ ತುಂಬಿದೆ. ಮಾವನವರಿಗೆ ಒಂದು ಚಮಚ, ಕಾಫಿ ಜೊತೆ.